ದಾದಿಯ ಸ್ತುತಿಯೂ ಕಲಿಕೆಯ ವೆಚ್ಚವೂ

ಯಾವ ವೃತ್ತಿಯನ್ನು ಲೋಕವು ಬಾಯ್ತುಂಬ ಹೊಗಳುತ್ತದೆಯೋ, ಆ ವೃತ್ತಿಯನ್ನು ಸೇರಲು ತಗಲುವ ವೆಚ್ಚವನ್ನು ವಿಚಾರಿಸುವುದು ಲೋಕಕ್ಕೆ ಅಷ್ಟಾಗಿ ರುಚಿಸುವುದಿಲ್ಲ. ದಾದಿಯ ವೃತ್ತಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ಆಕೆಯನ್ನು ತಾಯಿಯೆಂದೂ, ಸೋದರಿಯೆಂದೂ, ಕರುಣೆಯ ಮೂರ್ತಿಯೆಂದೂ ಬಣ್ಣಿಸುವ ವಾಕ್ಯಗಳು ಶಾಲೆಯ ಪಾಠಗಳಲ್ಲಿಯೂ, ಸನ್ಮಾನಪತ್ರಗಳಲ್ಲಿಯೂ, ಕಥೆಗಳಲ್ಲಿಯೂ, ಚಲಚ್ಚಿತ್ರಗಳಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಆದರೆ ಆಕೆಯು ತನ್ನ ವಿದ್ಯೆಯನ್ನು ಎಲ್ಲಿ ಕಲಿತಳು, ಶುಲ್ಕವನ್ನು ಯಾವ ಹಣದಿಂದ ತೆತ್ತಳು, ಆಕೆ ಕಲಿಯುತ್ತಿದ್ದಾಗ ಮಕ್ಕಳಿಗೆ ಉಣಬಡಿಸಿದವರಾರು ಎಂಬ ಪ್ರಶ್ನೆಗಳಿಗೆ ಆ ವಾಕ್ಯಗಳಲ್ಲಿ ಉತ್ತರ ದೊರೆಯುವುದು ಅಪರೂಪ. ಈ ಮೌನವು ಕೇವಲ ಅಲಕ್ಷ್ಯದಿಂದ ಉಂಟಾದುದಲ್ಲ. ಹೊಗಳಿಕೆಯ ರೀತಿಯೇ ಇದಕ್ಕೆ ಕಾರಣವಾಗಿದೆ. ಸೇವೆಯನ್ನು ಹುಟ್ಟುಗುಣವೆಂದು ಕೊಂಡಾಡಿದ ಮೇಲೆ ಅದನ್ನು ಕಲಿಯಬೇಕೆಂಬ ಮಾತಿಗೆ ಎಡೆಯಿರುವುದಿಲ್ಲ. ಕಲಿಯಬೇಕಾದುದೇ ಇಲ್ಲವೆಂದ ಮೇಲೆ ಕಲಿಕೆಯ ಬೆಲೆಯ ಮಾತು ಏಳುವುದೇ ಇಲ್ಲ. ಈ ದೋಷದ ಸ್ವರೂಪವನ್ನೂ, ಚಿಂಚೋಳಿಯಂತಹ ತಾಲೂಕಿನಲ್ಲಿ ಅದರಿಂದಾಗುವ ಹಾನಿಯನ್ನೂ ಪರಿಶೀಲಿಸುವುದು ಅವಶ್ಯವಾಗಿದೆ.

ಮೊದಲು ಪದಗಳನ್ನು ಪರೀಕ್ಷಿಸುವುದು ಯುಕ್ತ. ಕನ್ನಡದ ‘ಸೂಲಗಿತ್ತಿ’ ಎಂಬುದು ಅಚ್ಚ ವೃತ್ತಿವಾಚಕ ಪದ. ಸೂಲು ಎಂದರೆ ಹೆರಿಗೆ, ಅದನ್ನು ಮಾಡಿಸುವವಳು ಸೂಲಗಿತ್ತಿ. ‘ದಾದಿ’ ಎಂಬ ಪದವು ಪರರ ಕೂಸಿಗೆ ಹಾಲೂಡಿಸಿ ಸಾಕುವವಳೆಂಬ ಅರ್ಥದಲ್ಲಿ ಹಿಂದಿನಿಂದ ಬಂದು, ಈಚೆಗೆ ಆಸ್ಪತ್ರೆಯನ್ನು ಹೊಕ್ಕಿತು. ‘ಸಿಸ್ಟರ್’ ಎಂಬ ಸಂಬೋಧನೆಯು ಕ್ರೈಸ್ತ ಮಠಗಳ ಸನ್ಯಾಸಿನಿಯರಿಂದ ಬಂದುದು. ಅವರಿಗೆ ಗಂಡನಿಲ್ಲ, ಮಕ್ಕಳಿಲ್ಲ, ಅವರ ಅನ್ನವಸ್ತ್ರದ ಭಾರವನ್ನು ಮಠವೇ ಹೊತ್ತಿತ್ತು. ಸಂಸಾರಸ್ಥೆಯಾದ ದಾದಿಯನ್ನು ಇಂದು ಅದೇ ಹೆಸರಿನಿಂದ ಕರೆಯುವಾಗ ಆಕೆಯ ಸಂಸಾರವನ್ನು ಮರೆಯುವುದು ಸುಲಭವಾಗುತ್ತದೆ. ಇನ್ನು ‘ಶುಶ್ರೂಷೆ’ ಎಂಬ ಪದದ ಇತಿಹಾಸವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಸಂಸ್ಕೃತದಲ್ಲಿ ಇದರ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕಿವಿಗೊಟ್ಟು ಕೇಳಬಯಸುವುದು ಶುಶ್ರೂಷೆ; ಅದರಿಂದ ವಿಧೇಯತೆಯೆಂಬ ಅರ್ಥವೂ, ತರುವಾಯ ಸೇವೆಯೆಂಬ ಅರ್ಥವೂ, ಕೊನೆಗೆ ರೋಗಿಯ ಆರೈಕೆಯೆಂಬ ಅರ್ಥವೂ ಹುಟ್ಟಿಕೊಂಡವು. ಹೀಗೆ ಶುಶ್ರೂಷಕಿಯೆಂಬ ಪದದ ಒಡಲಿನಲ್ಲಿ ಮೊದಲಿಗೆ ಇದ್ದವಳು ವಿದ್ಯಾರ್ಥಿನಿ. ಭಾಷೆಯು ಉಳಿಸಿಕೊಂಡಿರುವ ಈ ನೆನಪನ್ನು ಸಾಹಿತ್ಯವು ಕಳೆದುಕೊಂಡಿದೆ.

ಪ್ರಾಚೀನ ವೈದ್ಯಶಾಸ್ತ್ರವೂ ಇದೇ ಮಾತಿಗೆ ಸಾಕ್ಷಿ ನುಡಿಯುತ್ತದೆ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನಿಗೆ ಹೇಳಿದ ಗುಣಗಳಾವುವು? ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇಲ್ಲಿಯ ಕ್ರಮವನ್ನು ವಾಚಕರು ಗಮನಿಸಬೇಕು. ಜ್ಞಾನವು ಮೊದಲನೆಯದು, ಕೈಚಳಕವು ಎರಡನೆಯದು, ಪ್ರೀತಿಯು ಮೂರನೆಯದು. ಪ್ರೀತಿಯು ಬೇಡವೆಂದು ಶಾಸ್ತ್ರಕಾರನು ಹೇಳಲಿಲ್ಲ; ಆದರೆ ಬರಿಯ ಪ್ರೀತಿಯಿಂದ ರೋಗಿಯು ಬದುಕುವುದಿಲ್ಲವೆಂದು ಆತನು ಬಲ್ಲವನಾಗಿದ್ದನು. ಆಧುನಿಕ ಸ್ತುತಿಕಾರರು ಈ ಕ್ರಮವನ್ನು ತಲೆಕೆಳಗು ಮಾಡಿ, ಮೂರನೆಯ ಗುಣವನ್ನು ಮೊದಲಿಗೆ ತಂದು, ಮೊದಲನೆಯದನ್ನು ಬಿಟ್ಟೇ ಬಿಟ್ಟಿದ್ದಾರೆ.

ಶಾಲೆಯ ಮಕ್ಕಳಿಗೆ ದಾದಿಯೆಂದೊಡನೆ ನೆನಪಾಗುವುದು ಫ್ಲಾರೆನ್ಸ್ ನೈಟಿಂಗೇಲಳ ದೀಪ. ಕ್ರಿಮಿಯಾ ಯುದ್ಧದ ಆಸ್ಪತ್ರೆಯಲ್ಲಿ ರಾತ್ರಿ ದೀಪ ಹಿಡಿದು ಗಾಯಾಳುಗಳ ನಡುವೆ ಸಂಚರಿಸಿದ ಆಕೆಯ ಚಿತ್ರವು ಲಾಂಗ್‌ಫೆಲೋ ಕವಿಯು 1857ರಲ್ಲಿ ಪ್ರಕಟಿಸಿದ ಕವಿತೆಯ ಮೂಲಕ ಲೋಕಪ್ರಸಿದ್ಧವಾಯಿತು. ಆ ಚಿತ್ರವು ಸುಂದರವಾದುದೇ ಸರಿ. ಆದರೆ ಪಾಠಗಳು ಬಿಟ್ಟುಬಿಡುವ ಸಂಗತಿಗಳು ಎರಡುಂಟು. ನೈಟಿಂಗೇಲಳು ಸಿರಿವಂತರ ಮಗಳು. 1853ರಿಂದ ಆಕೆಯ ತಂದೆಯು ವರ್ಷಕ್ಕೆ 500 ಪೌಂಡುಗಳನ್ನು ಆಕೆಗೆ ಕೊಡುತ್ತಿದ್ದನು. ಆಕೆಯು ತನ್ನ ಬದುಕಿನ ಖರ್ಚಿಗೆ ಯಾರ ಮುಂದೆಯೂ ಕೈಯೊಡ್ಡಬೇಕಾಗಿರಲಿಲ್ಲ. ಎರಡನೆಯ ಸಂಗತಿಯು ಇನ್ನೂ ಮುಖ್ಯವಾದುದು. ಜನರು ಆಕೆಯ ಗೌರವಾರ್ಥವಾಗಿ ಕೂಡಿಸಿಕೊಟ್ಟ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ಶುಶ್ರೂಷಾ ಶಾಲೆಯಲ್ಲಿ ಅಭ್ಯಾಸಿನಿಯರಿಗೆ ಊಟ, ವಸತಿ, ಸಮವಸ್ತ್ರಗಳು ದೊರೆಯುತ್ತಿದ್ದುದಲ್ಲದೆ, ವರ್ಷಕ್ಕೆ 10 ಪೌಂಡು ಕೈಖರ್ಚಿಗೂ ಸಲ್ಲುತ್ತಿತ್ತು. ಶ್ರೀಮಂತಳಾದ ಸ್ಥಾಪಕಿಯು ಬಡ ವಿದ್ಯಾರ್ಥಿನಿಯ ಜೇಬನ್ನು ಮರೆಯಲಿಲ್ಲ. ದೀಪವನ್ನು ಕುರಿತು ಬರೆದವರು ಎಣ್ಣೆಯ ಲೆಕ್ಕವನ್ನು ಬರೆಯಲಿಲ್ಲ. ದೀಪ ಹಿಡಿದವಳು ಮಾತ್ರ ಬರೆದಿಟ್ಟಿದ್ದಳು.

ಕನ್ನಡದ ಕಡೆಗೆ ಬಂದರೆ ಎರಡು ಚಿತ್ರಗಳು ಕಣ್ಣಮುಂದೆ ನಿಲ್ಲುತ್ತವೆ. ಒಂದು ಕಾದಂಬರಿಯದು, ಇನ್ನೊಂದು ಜೀವನದ್ದು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯಲ್ಲಿ ಬಾಲವಿಧವೆಯಾದ ನಾಯಕಿಯು ಮಡಿಯ ಕಟ್ಟುಪಾಡನ್ನು ಬದಿಗೊತ್ತಿ ಕಷ್ಟದ ಹೆರಿಗೆಗೆ ನೆರವಾಗುವ ಪ್ರಸಂಗವು ಓದಿದವರ ಮನಸ್ಸಿನಿಂದ ಮರೆಯಾಗುವಂತಹುದಲ್ಲ. ಆ ಪ್ರಸಂಗದ ಬೆಲೆಯು ಹಣದಲ್ಲಿ ತೆರಬೇಕಾದುದಲ್ಲ, ಆಚಾರದಲ್ಲಿ ತೆರಬೇಕಾದುದು. ಲೇಖಕಿಯು ಅದನ್ನು ಮರೆಮಾಚದೆ ತೋರಿಸಿರುವುದರಿಂದಲೇ ಪ್ರಸಂಗಕ್ಕೆ ಬಲ ಬಂದಿದೆ. ಜೀವನದ ಚಿತ್ರವು ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರದು (1920–2018). 15,000ಕ್ಕೂ ಮಿಕ್ಕಿದ ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅವರು ತಾವೂ ಬಹುಮಕ್ಕಳ ತಾಯಿ. ವಿದ್ಯೆಯನ್ನು ಕಲಿತದ್ದು ಅಜ್ಜಿಯಿಂದ. ಅವರನ್ನು ಕುರಿತ ಪ್ರಶಂಸೆಯೆಲ್ಲವೂ ಯೋಗ್ಯವಾದುದು. ಆದರೆ ಆ ಪ್ರಶಂಸೆಯಿಂದ ತೆಗೆಯಬಹುದಾದ ತಪ್ಪು ತೀರ್ಮಾನವೊಂದುಂಟು. ಅಜ್ಜಿಯ ಅಂಗಳದಲ್ಲಿ ಶುಲ್ಕವಿಲ್ಲದೆ ಕಲಿತು, ಶುಲ್ಕವಿಲ್ಲದೆ ಸಲ್ಲಿಸಿದ ಆ ಸೇವೆಯನ್ನು ಮಾದರಿಯೆಂದು ಎತ್ತಿಹಿಡಿದು, ಇಂದು ಶುಲ್ಕ ಕೊಟ್ಟು ಮಾತ್ರವೇ ಕಲಿಯಬಹುದಾದ ವಿದ್ಯೆಯವಳಿಂದಲೂ ಅದೇ ನಿರಪೇಕ್ಷೆಯನ್ನು ಬಯಸುವುದು ನ್ಯಾಯವಲ್ಲ. ವಿದ್ಯೆಯು ಅಂಗಳದಿಂದ ಶಾಲೆಗೆ ಹೋದುದು ತಾಯಿಮಕ್ಕಳ ಪ್ರಾಣರಕ್ಷಣೆಗೆ ಒಳ್ಳೆಯದೇ ಆಯಿತು. ಆದರೆ ಅಂಗಳಕ್ಕೆ ಇಲ್ಲದ ಬಾಗಿಲು ಶಾಲೆಗೆ ಇದೆ, ಆ ಬಾಗಿಲಿನಲ್ಲಿ ಹಣ ತೆರಬೇಕಾಗಿದೆ.

ಚಲಚ್ಚಿತ್ರವು ಇನ್ನೊಂದು ಬಗೆಯ ದಾದಿಯನ್ನು ನಿರ್ಮಿಸಿತು. ಆಶುತೋಷ ಮುಖೋಪಾಧ್ಯಾಯರ ಬಂಗಾಳಿ ಕಥೆಯೊಂದನ್ನು ಆಧರಿಸಿ 1959ರಲ್ಲಿ ‘ದೀಪ್ ಜ್ವೇಲೆ ಜಾಯಿ’, 1960ರಲ್ಲಿ ತೆಲುಗಿನ ‘ಚಿವರಕು ಮಿಗಿಲೇದಿ’, 1969ರಲ್ಲಿ ಹಿಂದಿಯ ‘ಖಾಮೋಶಿ’ ತೆರೆಗೆ ಬಂದವು. ಮನೋರೋಗಿಗಳನ್ನು ಪ್ರೀತಿಯ ನಟನೆಯಿಂದ ಗುಣಪಡಿಸಲು ನಿಯುಕ್ತಳಾದ ದಾದಿಯು ಆ ನಟನೆಯೇ ನಿಜವಾಗಿ, ಕಡೆಗೆ ತಾನೇ ಬುದ್ಧಿಭ್ರಮಣೆಗೆ ಒಳಗಾಗುವಳು. ನೋಡಿದವರ ಕಣ್ಣು ತೇವವಾಗದೆ ಇರದು. ಆದರೂ ಆಕೆಯ ಕಲಿಕೆಗೆ ಖರ್ಚೆಷ್ಟಾಯಿತು, ತಿಂಗಳಿಗೆ ಬರುವುದೆಷ್ಟು, ಆ ಸಂಬಳವನ್ನು ನೆಚ್ಚಿದ ಬಾಯಿಗಳೆಷ್ಟು ಎಂಬುದು ಕಥೆಯ ಕೇಂದ್ರಕ್ಕೆ ಬರುವುದಿಲ್ಲ. ತ್ಯಾಗವು ದೊಡ್ಡದಾಗಿ ಕಾಣಬೇಕಾದರೆ ತ್ಯಾಗಿಯು ಒಂಟಿಯಾಗಿರಬೇಕೆಂಬ ಒಂದು ಅಲಿಖಿತ ನಿಯಮವು ಇಂತಹ ಕಥೆಗಳನ್ನು ಆಳುತ್ತದೆ. ಮಕ್ಕಳುಳ್ಳವಳು ತ್ಯಾಗ ಮಾಡಹೊರಟರೆ ಅದರ ಒಂದು ಪಾಲು ಮಕ್ಕಳ ತಟ್ಟೆಯಿಂದ ಹೋಗುತ್ತದೆ. ಆಗ ತ್ಯಾಗವೆಂಬ ಮಾತು ಅಷ್ಟು ನಿರ್ಮಲವಾಗಿ ಉಳಿಯುವುದಿಲ್ಲ.

ಈಗ ಈ ಚಿತ್ರಗಳನ್ನು ಒಂದು ನಿಜವಾದ ಸ್ಥಳದಲ್ಲಿಟ್ಟು ನೋಡಬೇಕು. ಕಲಬುರಗಿ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಒಂದು ಕಡೆಗೆ ಬೀದರವನ್ನೂ ಇನ್ನೊಂದು ಕಡೆಗೆ ತೆಲಂಗಾಣವನ್ನೂ ಮುಟ್ಟಿಕೊಂಡಿರುವ ಚಿಂಚೋಳಿ ತಾಲೂಕು 1956ರ ವರೆಗೆ ಹೈದರಾಬಾದು ಸಂಸ್ಥಾನಕ್ಕೆ, ತರುವಾಯ ಅದೇ ಹೆಸರಿನ ರಾಜ್ಯಕ್ಕೆ ಸೇರಿದ್ದಿತು. ತೊಗರಿಯ ಹೊಲಗಳು, ಮುಲ್ಲಾಮಾರಿ ನದಿ, ಚಂದ್ರಂಪಳ್ಳಿಯ ಜಲಾಶಯ, ಕುರುಚಲು ಕಾಡು, ಗುಡ್ಡದ ಮಗ್ಗುಲಿನ ಲಂಬಾಣಿ ತಾಂಡೆಗಳು. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಾಡು. ತೊಗರಿಯ ರಾಶಿ ಮುಗಿದ ಮೇಲೆ ಕೂಲಿಯನ್ನರಸಿ ಹೈದರಾಬಾದಿಗೂ, ಮುಂಬಯಿಗೂ, ಪುಣೆಗೂ ಹೊರಡುವ ಕುಟುಂಬಗಳು ಇಲ್ಲಿ ಬಹಳ. ಇಂತಹ ಊರುಗಳಲ್ಲಿ ಮನೆಬಾಗಿಲಿಗೆ ಬರುವ ಮೊದಲ ಆರೋಗ್ಯ ಕಾರ್ಯಕರ್ತೆಯು ಆಶಾ. 2005ರಲ್ಲಿ ಆರಂಭವಾದ ಈ ಯೋಜನೆಯ ನಿಯಮದಂತೆ ಆಕೆಯು ಅದೇ ಊರಿನವಳಾಗಿ, ವಿವಾಹಿತೆಯೋ ವಿಧವೆಯೋ ಪರಿತ್ಯಕ್ತೆಯೋ ಆಗಿರಬೇಕು. ವಯಸ್ಸು 25ರಿಂದ 45ರ ವರೆಗೆ ಇರುವುದು ಲೇಸು. ಆಕೆಯನ್ನು ಸರಕಾರವು ನೌಕರಳೆನ್ನುವುದಿಲ್ಲ, ಸ್ವಯಂಸೇವಕಿ ಎನ್ನುತ್ತದೆ. ಆಕೆಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಸ್ತುತಿಯ ಭಾಷೆಯು ಆಡಳಿತದ ಭಾಷೆಯಾದಾಗ ಏನಾಗುತ್ತದೆಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ.

ಅಂತಹ ಒಬ್ಬ ಗೃಹಿಣಿಯು, ಎರಡು ಮಕ್ಕಳ ತಾಯಿ, ಶುಶ್ರೂಷಾ ವಿದ್ಯೆಯನ್ನು ಕ್ರಮವಾಗಿ ಕಲಿಯಲು ಬಯಸಿದಳೆಂದು ವಾಚಕರು ಊಹಿಸಿಕೊಳ್ಳಲಿ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮಗಳು ಆಕೆಯ ಮುಂದಿವೆ. ಸಹಾಯಕ ದಾದಿ ಮತ್ತು ಪ್ರಸೂತಿಕೆಯ ಶಿಕ್ಷಣಕ್ಕೆ 2 ವರ್ಷ. ಜನರಲ್ ನರ್ಸಿಂಗ್ ಡಿಪ್ಲೊಮಾಕ್ಕೆ 3 ವರ್ಷ. ಪದವಿಗೆ 4 ವರ್ಷ. ಡಿಪ್ಲೊಮಾಕ್ಕೆ ಸೇರಲು ಇಂಗ್ಲಿಷನ್ನೊಳಗೊಂಡ 12ನೆಯ ತರಗತಿಯಲ್ಲಿ 40 ಅಂಶಗಳು ಬೇಕು. ವಯಸ್ಸು 17ಕ್ಕೆ ಕಡಿಮೆಯಿರಬಾರದು, 35ನ್ನು ಮೀರಬಾರದು. ಹಾಜರಿಯು ನೂರಕ್ಕೆ 80. ಪ್ರಮಾಣಪತ್ರ ಕೈಸೇರಬೇಕಾದರೆ ಆಸ್ಪತ್ರೆಯ ಅಭ್ಯಾಸದ ಹಾಜರಿಯು ಪೂರ್ತಿ ನೂರು. ಈ ನಿಯಮಗಳಲ್ಲಿ ಅನ್ಯಾಯವೇನೂ ಇಲ್ಲ; ಜೀವದೊಡನೆ ವ್ಯವಹರಿಸುವ ವಿದ್ಯೆಯನ್ನು ಅರ್ಧ ಕಲಿಯಲಾಗದು. ಆದರೆ ಇವುಗಳ ಅರ್ಥವನ್ನು ಸಂಸಾರದ ಭಾಷೆಗೆ ತಂದುನೋಡಬೇಕು. ಪೂರ್ತಿ ಹಾಜರಿಯೆಂದರೆ ಕೂಲಿಯ ದಿನಗಳು ಇಲ್ಲವೆಂದರ್ಥ. ಮಗುವಿಗೆ ಜ್ವರ ಬಂದರೆ ತಪ್ಪಿದ ದಿನಗಳನ್ನು ಮುಂದೆ ತುಂಬಿಕೊಡಬೇಕೆಂದರ್ಥ. ಕಲಬುರಗಿಯ ಶಾಲೆಯಾದರೆ ಬಸ್ಸಿನಲ್ಲಿ ಎರಡು ತಾಸಿಗೆ ಕಡಿಮೆಯಿಲ್ಲದ ಹಾದಿ. ಅದನ್ನು ದಿನವೂ ಹೋಗಿಬರಲಾಗದು, ಆದ್ದರಿಂದ ವಸತಿಗೃಹದ ಖರ್ಚು, ಊರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅತ್ತೆಯ ಅಥವಾ ತವರಿನವರ ಋಣ.

ವೆಚ್ಚದ ಲೆಕ್ಕವನ್ನು ಬಿಡಿಸಿದರೆ ಅದರಲ್ಲಿ ಎರಡು ಭಾಗಗಳು ಕಾಣುತ್ತವೆ. ರಸೀದಿ ದೊರೆಯುವ ವೆಚ್ಚ ಒಂದು: ಪ್ರವೇಶಶುಲ್ಕ, ಬೋಧನಶುಲ್ಕ, ಪರೀಕ್ಷಾಶುಲ್ಕ, ವಸತಿ, ಸಮವಸ್ತ್ರ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುವ ಪಠ್ಯಗ್ರಂಥಗಳು. ರಸೀದಿಯಿಲ್ಲದ ವೆಚ್ಚ ಇನ್ನೊಂದು: ಮೂರು ವರ್ಷ ಮನೆಗೆ ಬಾರದೆ ಹೋದ ಕೂಲಿ, ನೆರೆಯವರಿಗೆ ತೀರಿಸಬೇಕಾದ ಉಪಕಾರ, ಅಡವಿಟ್ಟ ಒಡವೆಯ ಬಡ್ಡಿ. ಇದರಲ್ಲಿ ಕಾಲದ ತೊಡಕೂ ಒಂದುಂಟು. ತೊಗರಿಯನ್ನು ಬಿತ್ತುವುದು ಮುಂಗಾರಿನಲ್ಲಿ, ರಾಶಿ ಮಾಡುವುದು ಡಿಸೆಂಬರ್–ಜನವರಿಯಲ್ಲಿ. ಶಾಲೆಗಳು ಪ್ರವೇಶಶುಲ್ಕವನ್ನು ಕೇಳುವ ಕಾಲಕ್ಕೆ ಹೊಲದವರ ಹಣವು ಬೀಜ, ಗೊಬ್ಬರ, ಕಳೆಗಳಿಗೆ ಹೋಗಿರುತ್ತದೆ. ಹೊಲದ ವರ್ಷಕ್ಕೂ ಶಾಲೆಯ ವರ್ಷಕ್ಕೂ ಹೊಂದಿಕೆಯಿಲ್ಲದಿರುವುದರಿಂದ ಬೆಳೆ ಚೆನ್ನಾಗಿ ಬಂದ ವರ್ಷದಲ್ಲಿಯೂ ಸಾಲ ಮಾಡುವುದು ತಪ್ಪುವುದಿಲ್ಲ.

ನೆರವಿನ ದಾರಿಗಳು ಇಲ್ಲವೆಂದಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರಿ 2013ರಲ್ಲಿ ಜಾರಿಗೆ ಬಂದ 371ಜೆ ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸ್ಥಾನಗಳನ್ನು ಕೊಟ್ಟಿದೆ. ಆದರೆ ಸ್ಥಾನವು ಶುಲ್ಕವಲ್ಲ. ಬ್ಯಾಂಕುಗಳು ವಿದ್ಯಾಭ್ಯಾಸದ ಸಾಲವನ್ನು 4 ಲಕ್ಷ ರೂಪಾಯಿಗಳ ವರೆಗೆ ಒತ್ತೆಯಿಲ್ಲದೆ ಕೊಡುವ ಪದ್ಧತಿಯುಂಟು. ಮನೆಯ ವಾರ್ಷಿಕ ಆದಾಯವು 4.5 ಲಕ್ಷದೊಳಗಿದ್ದವರಿಗೆ ಕಲಿಕೆಯ ಕಾಲದ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯು 2009ರಲ್ಲಿ ಆರಂಭವಾಯಿತು. ಆ ಸಾಲದ ಪಟ್ಟಿಯಲ್ಲಿ ಶುಲ್ಕವುಂಟು, ವಸತಿಯುಂಟು, ಪುಸ್ತಕವುಂಟು. ಊರಿನಲ್ಲುಳಿದ ಮಕ್ಕಳ ರೊಟ್ಟಿಯ ಹಿಟ್ಟಿಲ್ಲ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರ ಬಸ್ಸಿನ ಖರ್ಚು ತಪ್ಪಿತು. ಅದೇ ವರ್ಷದ ಗೃಹಲಕ್ಷ್ಮಿ ಯೋಜನೆಯಿಂದ ಮನೆಯೊಡತಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತಾಯಿತು. ಇವು ಸಣ್ಣ ಮಾತುಗಳೆಂದು ಸಾಹಿತಿಯು ಮೂಗು ಮುರಿಯಬಾರದು. ಒಬ್ಬ ಹೆಣ್ಣುಮಗಳು ಶಾಲೆಗೆ ಹೋಗುವಳೋ ಹೊಲಕ್ಕೆ ಹೋಗುವಳೋ ಎಂಬುದು ನಿರ್ಣಯವಾಗುವುದು ಇಂತಹ ಸಣ್ಣ ಮೊತ್ತಗಳಿಂದಲೇ.

ಇಲ್ಲಿ ಒಂದು ಕುತೂಹಲದ ಸಂಗತಿಯನ್ನು ಹೇಳಬೇಕಾಗಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ಆದ ಮೇಲಿನ ಓದಿಗಾಗಿ ವೇತನ ಕೊಡುವ ಕೇಂದ್ರದ ಯೋಜನೆಯಲ್ಲಿ ತಂದೆತಾಯಿಗಳ ವಾರ್ಷಿಕ ಆದಾಯವು 2.5 ಲಕ್ಷವನ್ನು ಮೀರಬಾರದೆಂಬ ಮಿತಿಯುಂಟು. ಆ ನಿಯಮಗಳಲ್ಲಿ ಬಹುಕಾಲ ಕಾಣಿಸಿಕೊಂಡಿರುವ ಒಂದು ಟಿಪ್ಪಣಿಯು, ವಿವಾಹಿತಳಾಗಿ ಉದ್ಯೋಗವಿಲ್ಲದ ವಿದ್ಯಾರ್ಥಿನಿಯಾದರೆ ಗಂಡನ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಹೇಳುತ್ತದೆ. ಕಚೇರಿಯ ಯಾವನೋ ಕರಣಿಕನು, ಶುಷ್ಕವಾದ ಶಾಸನದ ಭಾಷೆಯಲ್ಲಿ, ಒಂದು ಆವರಣಚಿಹ್ನೆಯೊಳಗೆ, ಮದುವೆಯಾದ ಹೆಣ್ಣೂ ವಿದ್ಯಾರ್ಥಿನಿಯಾಗಬಹುದೆಂದು ಬರೆದಿಟ್ಟನು. ಕಾವ್ಯಕ್ಕೂ ಕಥೆಗೂ ಬಹುವಾಗಿ ತೋಚದೆ ಹೋದ ಪಾತ್ರವು ಒಂದು ಟಿಪ್ಪಣಿಗೆ ತೋಚಿತು. ಕಲ್ಪನಾಶಕ್ತಿಯ ಒಡೆತನವು ತಮ್ಮದೇ ಎಂದು ನಂಬಿದವರಿಗೆ ಇದು ಆಲೋಚಿಸತಕ್ಕ ವಿಷಯವಲ್ಲವೇ?

ಈ ನಾಡಿನ ಪೂರ್ವಜರು ಹೆಣ್ಣಿನ ಹಣವನ್ನು ಕುರಿತು ವಿಚಾರಿಸದವರಲ್ಲ. ಶಹಾಬಾದದ ಹತ್ತಿರದ ಮರತೂರಿನ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರೆ’ಯು ಸ್ತ್ರೀಧನದ ವ್ಯಾಪ್ತಿಯನ್ನು ಹಿರಿದುಮಾಡಿತು, ತವರಿನ ಕಾಣಿಕೆಯಲ್ಲದೆ ಬೇರೆ ದಾರಿಗಳಿಂದ ಬಂದುದನ್ನೂ ಆಕೆಯದೆಂದು ಹೇಳಿತು. ಗಂಡನು ಹೆಂಡತಿಯ ಧನವನ್ನು ಬಳಸಿ ಹಿಂದಿರುಗಿಸದೆ ಇರಬಹುದಾದ ಸಂದರ್ಭಗಳನ್ನೂ ಆ ಸ್ಮೃತಿಯು ಎಣಿಸಿದೆ: ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಸೆರೆ. ಇಂದಿಗೂ ಬಡವರ ಮನೆಯಲ್ಲಿ ಕಷ್ಟಕಾಲಕ್ಕೆ ಒದಗುವುದು ಹೆಣ್ಣಿನ ಕೊರಳಿನ, ಕೈಯ ಒಡವೆಯೇ. ಆದರೆ ಆ ನಾಲ್ಕು ಸಂದರ್ಭಗಳೂ ಮನೆಯ ಆಪತ್ತುಗಳು. ಒಡವೆಯ ಒಡತಿಯು ತನ್ನ ವಿದ್ಯೆಗಾಗಿಯೇ ಅದನ್ನು ವೆಚ್ಚಮಾಡುವ ಐದನೆಯ ಸಂದರ್ಭವು ಆ ಎಣಿಕೆಯಲ್ಲಿಲ್ಲ. ಅದನ್ನು ಬರೆಯುವುದು ಈ ಕಾಲದ ಕೆಲಸ; ಬರೆಯಬೇಕಾದವರಲ್ಲಿ ಶಾಸ್ತ್ರಕಾರರಿಗಿಂತ ಕಥೆಗಾರರೇ ಮೊದಲಿಗರು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸೇವೆಯ ಪವಿತ್ರ ವಿಷಯಕ್ಕೆ ಹಣದ ಮಾತನ್ನು ಬೆರಸಿದರೆ ಅದರ ಪಾವಿತ್ರ್ಯವು ಕೆಡುವುದೆಂಬುದು ಮೊದಲನೆಯದು. ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಚಿಂಚೋಳಿಗೆ ನೆರೆಯ ಬೀದರ ಜಿಲ್ಲೆಯಲ್ಲಿಯೇ ಕಲ್ಯಾಣವಿದೆ. ಹನ್ನೆರಡನೆಯ ಶತಮಾನದ ಶರಣರು ಬರಿಯ ಸೇವೆಯೆಂಬ ಮಾತಿಗೆ ಒಪ್ಪಿ ಸುಮ್ಮನಾಗಲಿಲ್ಲ, ಕಾಯಕವೆಂಬ ಮಾತನ್ನು ಕೊಟ್ಟರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಆ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದ ಕಥೆಯು ಎಲ್ಲರಿಗೂ ತಿಳಿದುದೇ. ಅದನ್ನು ನಿರಾಸೆಯ ಕಥೆಯೆಂದು ಹೇಳಿ ಮುಗಿಸುವವರು ಅದರ ಇನ್ನರ್ಧವನ್ನು ಗಮನಿಸುವುದಿಲ್ಲ. ಲಕ್ಕಮ್ಮನು ಹಿಂದಿರುಗಿಸಿದುದು ಹೆಚ್ಚಿನ ಅಕ್ಕಿಯನ್ನು; ದಿನದ ಅಳತೆಯನ್ನಲ್ಲ. ಆ ಅಳತೆಯಿಂದಲೇ ಮನೆಯೂ ದಾಸೋಹವೂ ನಡೆಯಬೇಕಾಗಿತ್ತು. ದುಡಿಮೆಗೆ ತಕ್ಕ ಅಳತೆಯನ್ನು ಕೇಳುವುದರಿಂದ ಪಾವಿತ್ರ್ಯವು ಕೆಡುವುದಾಗಿದ್ದರೆ ಲಕ್ಕಮ್ಮನ ಕಾಯಕವೇ ಕೆಡಬೇಕಾಗಿತ್ತು. ಅಳತೆಯನ್ನು ಬಲ್ಲವಳೇ ಹೆಚ್ಚನ್ನು ನಿರಾಕರಿಸಬಲ್ಲಳು. ಅಳತೆಯನ್ನೇ ಕೊಡದೆ ನಿರಾಕರಣೆಯನ್ನು ಹೊಗಳುವುದು ಕಾಯಕತತ್ತ್ವವಲ್ಲ, ಬಿಟ್ಟಿಯ ತತ್ತ್ವ.

ಎರಡನೆಯ ಆಕ್ಷೇಪವು ಶುಲ್ಕ, ಸಾಲ, ಹಾಜರಿಗಳು ಅರ್ಥಶಾಸ್ತ್ರದ ವಿಷಯಗಳೇ ಹೊರತು ಸಾಹಿತ್ಯದ ವಿಷಯಗಳಲ್ಲವೆಂಬುದು. ಕನ್ನಡದ ಅನುಭವವೇ ಇದನ್ನು ಸುಳ್ಳುಮಾಡಿದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಮೊದಲಾದ ಆತ್ಮಕಥನಗಳಲ್ಲಿ ಬಡವನ ಓದಿನ ಬೆಲೆಯು ಹಸಿವಿನಲ್ಲಿಯೂ ಅವಮಾನದಲ್ಲಿಯೂ ಅಳೆಯಲ್ಪಟ್ಟು, ಅದೇ ಆ ಕೃತಿಗಳ ಜೀವಾಳವಾಗಿದೆ. ಆದರೆ ಅವುಗಳಲ್ಲಿ ಓದುವವನು ಮಗ. ತಾಯಿಯೇ ಓದುವವಳಾದರೆ ಮನೆಯ ಲೆಕ್ಕವು ಬೇರೆಯೇ ಆಗುತ್ತದೆ. ಕಲಬುರಗಿಯ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಯು, 2004ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದುದು, ಈ ಭಾಗದ ಬಡ ಹೆಣ್ಣುಮಕ್ಕಳನ್ನು ಅವರ ಆಡುನುಡಿಯಲ್ಲಿಯೇ, ಅಲಂಕರಿಸದೆ, ಅವರ ದುಡಿಮೆಯೊಂದಿಗೆ ಸಾಹಿತ್ಯದೊಳಕ್ಕೆ ತಂದಿತು. ಆ ದಾರಿಯು ತೆರೆದಿದೆ. ಆ ದಾರಿಯಲ್ಲಿ ನಡೆದು ಶುಶ್ರೂಷಾ ಶಾಲೆಯ ಬಾಗಿಲನ್ನು ಮುಟ್ಟುವ ಕೃತಿಯು ಬರಬೇಕಾಗಿದೆ.

ಮಳಖೇಡವು ಸೇಡಂ ತಾಲೂಕಿನಲ್ಲಿದೆಯೆಂಬುದನ್ನು ಈ ಪ್ರಾಂತದ ವಾಚಕರಿಗೆ ನೆನಪಿಸಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರು ಓದಿನ ನೆರವಿಲ್ಲದೆಯೂ ಕಾವ್ಯದಲ್ಲಿ ಪರಿಣತರೆಂದು ಮೆಚ್ಚುಗೆಯನ್ನು ನುಡಿಯುತ್ತದೆ. ಆ ಮೆಚ್ಚುಗೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ಗ್ರಂಥವು ಅಲ್ಲಿಗೆ ನಿಲ್ಲಲಿಲ್ಲ. ಹುಟ್ಟುಪ್ರತಿಭೆಯನ್ನು ಹೊಗಳಿದ ಮೇಲೆ ದೋಷಗಳಾವುವು, ಗುಣಗಳಾವುವು, ಅಲಂಕಾರಗಳಾವುವು ಎಂದು ಕ್ರಮವಾಗಿ ಕಲಿಸುವುದಕ್ಕಾಗಿಯೇ ಅದರ ಹೆಚ್ಚಿನ ಪದ್ಯಗಳು ಸಂದಿವೆ. ಸಹಜ ಗುಣವನ್ನು ಮೆಚ್ಚುವುದು ಶಿಕ್ಷಣವನ್ನು ಕೊಡುವುದಕ್ಕೆ ಪೀಠಿಕೆಯಾಯಿತೇ ಹೊರತು ಕೊಡದಿರುವುದಕ್ಕೆ ನೆಪವಾಗಲಿಲ್ಲ. ದಾದಿಯ ಸಹಜ ಕರುಣೆಯನ್ನು ಹೊಗಳುವವರು ಈ ಹಿರಿಯ ಮಾದರಿಯನ್ನು ಅನುಸರಿಸಿದರೆ ಸಾಕು.

ಇಂತಹ ಕೃತಿಯನ್ನು ಬರೆಯಹೊರಟವರು ತಪ್ಪಿಸಿಕೊಳ್ಳಬೇಕಾದ ಹಳ್ಳಗಳು ಎರಡುಂಟು. ಬರಿಯ ಕಣ್ಣೀರಿನ ಕಥೆ ಒಂದು. ಅದರಲ್ಲಿ ಬಡತಾಯಿಯು ಕರುಣೆಗೆ ಪಾತ್ರಳಾಗಿ, ಓದು ಬಿಟ್ಟು, ಕಡೆಗೆ ಯಾರದೋ ಔದಾರ್ಯಕ್ಕೆ ಕೈಮುಗಿಯುತ್ತಾಳೆ. ಬರಿಯ ಜಯದ ಕಥೆ ಇನ್ನೊಂದು; ಅದರಲ್ಲಿ ಮೂರು ವರ್ಷಗಳು ಒಂದು ಪರಿಚ್ಛೇದದಲ್ಲಿ ಕಳೆದು, ಬಿಳಿಯ ಸಮವಸ್ತ್ರದಲ್ಲಿ ಆಕೆಯು ಊರಿಗೆ ಬಂದಿಳಿಯುತ್ತಾಳೆ. ಎರಡೂ ಲೆಕ್ಕವನ್ನು ಹಾರಿಸುತ್ತವೆ. ನಿಜವಾದ ಕಥೆಯಿರುವುದು ಆ ಮೂರು ವರ್ಷಗಳ ಒಳಗೆ: ಮೊದಲನೆಯ ಕಂತು ಕಟ್ಟಿದ ಮೇಲೆ ಎರಡನೆಯ ಕಂತಿನ ವರೆಗಿನ ತಿಂಗಳುಗಳಲ್ಲಿ, ಆಸ್ಪತ್ರೆಯಲ್ಲಿ ಪರರ ಮಗುವಿನ ನಾಡಿ ನೋಡುತ್ತಿರುವಾಗ ತನ್ನ ಮಗುವಿನ ಜ್ವರದ ಸುದ್ದಿ ಬರುವ ಗಳಿಗೆಯಲ್ಲಿ, ತನ್ನ ಕೂಲಿಯೊಂದರಿಂದಲೇ ಮನೆ ನಡೆಸುತ್ತಿರುವ ಗಂಡನ ತಾಳ್ಮೆಯಲ್ಲಿ ಅಥವಾ ಅಸಹನೆಯಲ್ಲಿ, ಇಂಗ್ಲಿಷಿನ ದೇಹರಚನಾಶಾಸ್ತ್ರವನ್ನು ಮನಸ್ಸಿನಲ್ಲಿಯೇ ಕನ್ನಡಕ್ಕೋ ಲಂಬಾಣಿಗೋ ತಿರುಗಿಸಿಕೊಳ್ಳುವ ಪ್ರಯಾಸದಲ್ಲಿ. ಇವುಗಳನ್ನು ಬರೆಯಲು ವಿಶೇಷ ಅಲಂಕಾರವು ಬೇಕಾಗಿಲ್ಲ. ನಿಷ್ಠೆಯುಳ್ಳ ನೋಟವೂ, ಮೊತ್ತಗಳನ್ನು ಹೇಳಲು ನಾಚದ ಲೇಖನಿಯೂ ಸಾಕು.

ಬರಹದಿಂದ ಶುಲ್ಕವು ಇಳಿಯುವುದೇ ಎಂದು ಕೇಳಬಹುದು. ನೇರವಾಗಿ ಇಳಿಯಲಾರದು. ಆದರೆ ಜನರು ಯಾವುದನ್ನು ಸಹಜಗುಣವೆಂದು ನಂಬುತ್ತಾರೋ ಅದಕ್ಕೆ ಹಣ ಕೊಡಲೊಲ್ಲರು; ಯಾವುದನ್ನು ಕಷ್ಟಪಟ್ಟು ಕಲಿತ ವಿದ್ಯೆಯೆಂದು ಬಲ್ಲರೋ ಅದಕ್ಕೆ ವೇತನವನ್ನೂ, ಕಲಿಯುವವಳಿಗೆ ನೆರವನ್ನೂ ಕೊಡಲು ಒಪ್ಪುತ್ತಾರೆ. ಈ ನಂಬಿಕೆಗಳನ್ನು ಕಟ್ಟುವುದೂ ಕೆಡಹುವುದೂ ಸಾಹಿತ್ಯದ ಕೈಯಲ್ಲಿದೆ. 1946ರ ಭೋರ್ ಸಮಿತಿಯು ಅಂದಿನ ಭಾರತದಲ್ಲಿ 43,000 ಜನರಿಗೆ ಒಬ್ಬ ದಾದಿಯಿದ್ದಾಳೆಂದು ಲೆಕ್ಕ ಹೇಳಿತು. ಮರುವರ್ಷವೇ ಶುಶ್ರೂಷಾ ಪರಿಷತ್ತಿನ ಕಾಯಿದೆಯು ಬಂದಿತು. ಅಂದಿನಿಂದ ಶಾಲೆಗಳು ಬಹಳವಾಗಿ ಹೆಚ್ಚಿವೆ. ಸ್ತುತಿಯ ಭಾಷೆ ಮಾತ್ರ ಹೆಚ್ಚು ಬದಲಾಗಿಲ್ಲ. ಇತ್ತ ಗ್ರಾಮಗಳಲ್ಲಿ ಆರೋಗ್ಯದ ಕೆಲಸಕ್ಕೆ 25 ವರ್ಷ ವಯಸ್ಸಿನ ವಿವಾಹಿತೆಯನ್ನೇ ಆರಿಸಿಕೊಳ್ಳುವ ಪದ್ಧತಿಯಿದೆ. ಅತ್ತ ಶಾಲೆಯ ಬಾಗಿಲು 35ಕ್ಕೆ ಮುಚ್ಚುತ್ತದೆ. ಈ ಎರಡು ಸಂಖ್ಯೆಗಳ ನಡುವಣ ಹತ್ತು ವರ್ಷಗಳಲ್ಲಿಯೇ ಮಕ್ಕಳು ಚಿಕ್ಕವರು, ಮನೆಯ ಖರ್ಚು ದೊಡ್ಡದು. ಚಿಂಚೋಳಿಯ ತಾಂಡೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಈ ಹತ್ತು ವರ್ಷಗಳು ಎಷ್ಟೋ ಹೆಣ್ಣುಮಕ್ಕಳಿಗೆ ಸದ್ದಿಲ್ಲದೆ ಕಳೆದುಹೋಗುತ್ತಿವೆ. ಅವರನ್ನು ದೇವತೆಗಳೆಂದು ಕರೆಯುವ ಲೇಖನಿಗಳಿಗೆ ಕೊರತೆಯಿಲ್ಲ. ಅವರನ್ನು ವಿದ್ಯಾರ್ಥಿನಿಯರೆಂದು ಕರೆದು, ಅವರ ಓದಿನ ಲೆಕ್ಕವನ್ನು ಪೂರ್ತಿಯಾಗಿ ಬರೆಯುವ ಲೇಖನಿಯು ಬೇಕಾಗಿದೆ.